ಕಿಲೋ ಬೇರೆ, ಲೀಟರ್ ಬೇರೆ

ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆಗೇ ನಾನು ತಪ್ಪು ಉತ್ತರ ಕೊಟ್ಟೆ. ಕೆಲಸ ಕೇಳಿಕೊಂಡು ರಾಮನಗರದ ಆ ತಗಡಿನ ಶೆಡ್ಡಿಗೆ ಹೋಗಿದ್ದ ದಿನ ಅದು. ಯಜಮಾನರ ಪಕ್ಕದಲ್ಲಿ ನಲವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಕನ್ನಡಕವನ್ನು ಹಣೆಗೇರಿಸಿ, "ತಿಪ್ಪಸಂದ್ರದಿಂದ ಇಲ್ಲಿಗೆ ಬರಾಕೆ ಎಷ್ಟಾಯ್ತದೆ?" ಎಂದರು.

"ಒಂದೂವರೆ ಮೇಡಂ."

"ಒಂದೂವರೆ ಏನು?"

ಗಂಟೆ ಎಂದೆ. ಅವರು ಯಜಮಾನರ ಕಡೆ ತಿರುಗಿದರು. "ನಾನು ಕೇಳೋಕ್ ಮುಂಚೆನೇ ಹೇಳ್ಬೇಕಿತ್ತು. ಪರ್ವಾಗಿಲ್ಲ, ತಕ್ಕೊಳ್ಳಿ. ಕಲಿಸ್ತೀನಿ."

ಹೋದ ತಿಂಗಳು ಅದೇ ಯಜಮಾನರು ಫೋನ್ ಮಾಡಿ, ಮೇಡಂ ಹೋಗಿಬಿಟ್ಟರು ಎಂದು ಹೇಳಿದರು. ಕಾಯಿಲೆ ಗೊತ್ತಾಗಿ ನಾಲ್ಕೇ ತಿಂಗಳಂತೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಯಜಮಾನರಿಗೂ ಅವರು ಮೇಡಂ, ವೆಲ್ಡಿಂಗ್ ಮಾಡುವವನಿಗೂ ಮೇಡಂ, ಟೀ ಅಂಗಡಿಯವನಿಗೂ ಮೇಡಮ್ಮ.

ಬಿಡದಿಯ ಕಡೆ ದೊಡ್ಡ ಕಾರ್ಖಾನೆಗಳು ಒಂದೊಂದಾಗಿ ಎದ್ದು, ಅವುಗಳ ಬೆನ್ನಿಗೆ ನಮ್ಮಂಥ ಸಣ್ಣ ಶೆಡ್ಡುಗಳು ಹುಟ್ಟಿಕೊಳ್ಳುತ್ತಿದ್ದ ಕಾಲ ಅದು. ನಮ್ಮ ಯಜಮಾನರು ಚನ್ನಪಟ್ಟಣದವರು. ಮೊದಲು ರೇಷ್ಮೆಗೂಡಿನ ವ್ಯಾಪಾರದವರಿಗೆ ಎಲೆಕ್ಟ್ರಾನಿಕ್ ತಕ್ಕಡಿ ಮಾರುತ್ತಿದ್ದರು. ಆಮೇಲೆ ಹಳ್ಳಿಯ ಹಾಲಿನ ಡೈರಿಗಳಿಗೆ ತಕ್ಕಡಿಯ ಜೊತೆ ಒಂದು ಕಂಪ್ಯೂಟರನ್ನೂ ಜೋಡಿಸಿ ಕೊಡುವ ಕೆಲಸ ಹಿಡಿದರು. ಹಾಲಿನ ಪಾತ್ರೆ ತಕ್ಕಡಿಯ ಮೇಲೆ ಕೂತರೆ ಸಾಕು, ಅಳತೆ ತಾನಾಗಿ ಕಂಪ್ಯೂಟರಿಗೆ ಹೋಗಿ ಚೀಟಿ ಹೊರಗೆ ಬರಬೇಕು. ಆ ಪ್ರೋಗ್ರಾಂ ಬರೆಯುತ್ತಿದ್ದವರು ಮೇಡಂ ಒಬ್ಬರೇ. ನಾನು ಎರಡನೆಯವನಾದೆ.

ಅವರು ದಿನಾ ಕನಕಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಲ್ಲಿನ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ, ಸಂಜೆಯ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತವರು. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟುತ್ತಿದ್ದರು. ನಾಯಿ ಕಂಡರೆ ವಿಪರೀತ ಹೆದರಿಕೆ. ಶೆಡ್ಡಿನ ಗೇಟಿನಲ್ಲಿ ಮಲಗಿರುತ್ತಿದ್ದ ಮುದಿನಾಯಿಯನ್ನು ದಾಟಿಸಲು ದಿನಾ ಬೆಳಿಗ್ಗೆ ನಮ್ಮಲ್ಲಿ ಒಬ್ಬರು ಹೋಗಬೇಕಿತ್ತು. ಆದರೆ ಯಜಮಾನರಿಗೆ ಅವರು ಹೆದರಿದ್ದನ್ನು ನಾನು ನೋಡಲಿಲ್ಲ.

ಅವರ ಜೊತೆ ಮಾತಾಡುವುದು ಸುಲಭವಿರಲಿಲ್ಲ. ವೆಲ್ಡಿಂಗಿನವನು "ಮೂವತ್ತಕ್ಕೆ ಕಟ್ ಮಾಡ್ಬುಟ್ಟೆ ಮೇಡಂ" ಎಂದರೆ, "ಮೂವತ್ತು ಏನು? ಇಂಚಾ, ಸೆಂಟಿಮೀಟ್ರಾ?" ಲಾರಿಯವನು "ಇನ್ನು ಹತ್ತರಲ್ಲಿ ಬತ್ತೀನಿ" ಎಂದರೆ, "ಹತ್ತು ಏನಪ್ಪ? ಮಿನಿಟಾ, ಕಿಲೋಮೀಟ್ರಾ?" ಮೊದಮೊದಲು ನಾವೆಲ್ಲ ಅವರ ಬೆನ್ನ ಹಿಂದೆ ಇದನ್ನು ಅಣಕಿಸಿ ನಗುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು. "ನಗ್ರಿ, ನಗ್ರಿ. ಹೆಸರಿಲ್ಲದ ಅಂಕಿ ಹಗ್ಗ ಬಿಚ್ಕೊಂಡ ಹಸ ಇದ್ದಂಗೆ. ಯಾರ ಹೊಲಕ್ಕೆ ಬೇಕಾದ್ರೂ ನುಗ್ತದೆ," ಎನ್ನುತ್ತಿದ್ದರು.

ಬದುಕಿನಲ್ಲಿ ಏನೋ ಒಂದು ಏಟು ಬಿದ್ದಿರಬೇಕು, ಅದಕ್ಕೇ ಹೀಗೆ ಎಂದು ನಾನು ಊಹಿಸಿದ್ದೆ. ಒಂದು ಸಲ ಕೇಳಿಯೂ ಬಿಟ್ಟೆ. ಅವರು ಯೋಚಿಸಿ ಹೇಳಿದರು: "ಏನೂ ಆಗಿಲ್ಲ ಕಣಪ್ಪ. ಆಗೋಕ್ ಮುಂಚೆ ಕೇಳ್ತೀನಲ್ಲ, ಅದಕ್ಕೇ ಆಗಿಲ್ಲ."

ಹಾಗೆಂದು ಅವರು ಎಲ್ಲವನ್ನೂ ಅಳೆದು ಬದುಕುತ್ತಿದ್ದವರಲ್ಲ. ಅವರ ಡಬ್ಬಿಯ ಹುಚ್ಚೆಳ್ಳು ಚಟ್ನಿಗೆ ಇಡೀ ಶೆಡ್ಡು ಕಾಯುತ್ತಿತ್ತು. ಪ್ಯಾಕಿಂಗ್ ಕೆಲಸದ ಹೆಂಗಸೊಬ್ಬಳು ಅದನ್ನು ಮಾಡುವ ಬಗೆ ಕೇಳಿದಾಗ ಮೇಡಂ, "ಒಸಿ ಉಪ್ಪು, ಒಸಿ ಹುಣಸೆ, ಒಸಿ ಬೆಲ್ಲ" ಎಂದರು. ನಾನು ಬಿಡಲಿಲ್ಲ. "ಒಸಿ ಅನ್ನೋದು ಯಾವ ಅಳತೆ ಮೇಡಂ?"

"ಅದು ಕೈ ಅಳತೆ. ನನ್ನ ಕೈ ನಾನು ಹೋದ ಕಡೆಗೆಲ್ಲ ಬತ್ತದೆ. ನಿನ್ನ ಪ್ರೋಗ್ರಾಂಗೆ ಕೈ ಐತಾ?"

ಪ್ರೋಗ್ರಾಂನ ವಿಷಯಕ್ಕೆ ಬಂದರೆ, ನಮ್ಮಿಬ್ಬರ ಜಗಳ ಇದ್ದದ್ದು ಇಲ್ಲಿಯೇ. ಪ್ರೋಗ್ರಾಂ ಎಂದರೆ ಸಣ್ಣ ಸಣ್ಣ ಫಂಕ್ಷನ್‌ಗಳ ಗುಂಪು. ಒಂದೊಂದು ಫಂಕ್ಷನ್ನೂ ಒಂದೊಂದು ಕೆಲಸ ಮಾಡುತ್ತದೆ. ತನಗೆ ಏನು ಕೊಡಬೇಕು, ತಾನು ಏನು ಹಿಂದಿರುಗಿಸುತ್ತದೆ ಎನ್ನುವುದನ್ನು ಅದು ತನ್ನ ಮೊದಲ ಸಾಲಿನಲ್ಲೇ ಹೇಳಿಕೊಂಡಿರುತ್ತದೆ. ನಾನು ಆ ಸಾಲಿನಲ್ಲಿ ಬರೆಯುತ್ತಿದ್ದದ್ದು "ಒಂದು ಸಂಖ್ಯೆ ಕೊಡು" ಎಂದಷ್ಟೇ. ಎಲ್ಲರೂ ಹಾಗೇ ಬರೆಯುತ್ತಿದ್ದರು. ಮೇಡಂಗೆ ಅದು ಸಾಲದು. ಅಲ್ಲಿ "ಒಂದು ಕಿಲೋ ತೂಕ ಕೊಡು", "ಒಂದು ಲೀಟರ್ ಅಳತೆ ಕೊಡು" ಎಂದೇ ಇರಬೇಕು. ಕಿಲೋ ಎನ್ನುವುದು ಒಂದು ಜಾತಿಯ ವಸ್ತು, ಲೀಟರ್ ಎನ್ನುವುದು ಇನ್ನೊಂದು ಜಾತಿಯದು. ಲೀಟರ್ ಕೇಳುವ ಫಂಕ್ಷನ್ನಿಗೆ ಯಾರಾದರೂ ಕಿಲೋ ಕೊಡಲು ಹೋದರೆ ಪ್ರೋಗ್ರಾಂ ತಯಾರೇ ಆಗಬಾರದು, ಕಂಪ್ಯೂಟರ್ ಅಲ್ಲೇ ತಡೆದು ನಿಲ್ಲಿಸಬೇಕು.

"ಪಕ್ಕದಲ್ಲಿ ಕಾಮೆಂಟ್ ಬರೆದಿರ್ತೀನಲ್ಲ ಮೇಡಂ, ಇದು ಲೀಟರ್ ಅಂತ."

"ಅದನ್ನ ನೀನು ಓದ್ತೀಯ, ನಾನು ಓದ್ತೀನಿ. ಕಂಪ್ಯೂಟ್ರು ಓದ್ತದಾ?"

ಹಳೆಯ ಪ್ರೋಗ್ರಾಂ ಪೂರ್ತಿ ಹಾಗೆ ತಿದ್ದಿ ಬರೆಯಲು ಹದಿನೈದು ದಿನ ಬೇಕೆಂದು ಅವರು ಯಜಮಾನರಲ್ಲಿ ಕೇಳಿದರು. ಯಜಮಾನರು ನನ್ನ ಮುಖ ನೋಡಿದರು. ಈಗಿರುವುದೇ ಸರಿಯಾಗಿ ನಡೆಯುತ್ತಿದೆಯಲ್ಲ ಎಂದು ನಾನು ಅಂದೆ. ಆ ಮಾತನ್ನು ನಾನು ಆಡಿದ್ದು ನಿಜ. ಯಜಮಾನರಿಗೆ ಅಷ್ಟೇ ಬೇಕಾಗಿತ್ತು. "ಆಮ್ಯಾಕೆ ನೋಡವಾ ಮೇಡಂ," ಎಂದು ಎದ್ದು ಹೋದರು.

ಇದಾಗಿ ಎರಡು ತಿಂಗಳಿಗೆ ಹೊಸ ಮಾದರಿಯ ತಕ್ಕಡಿ ಬಂತು. ಅದನ್ನು ಪ್ರೋಗ್ರಾಂಗೆ ಹೊಂದಿಸುವ ಕೆಲಸ ನನ್ನದು. ಕೋಡಿಹಳ್ಳಿಯಿಂದ ಆಚೆಗಿನ ಒಂದು ಹಳ್ಳಿಯ ಮಹಿಳಾ ಡೈರಿಯಲ್ಲಿ ಒಂದು ತಿಂಗಳು ಇಟ್ಟು ನೋಡುವುದು, ಸರಿಯಾದರೆ ಸುತ್ತಲ ಊರುಗಳಿಗೆಲ್ಲ ಕೊಡುವುದು ಎಂದು ಮಾತಾಗಿತ್ತು. ಮೇಡಂ ಆ ವಾರ ಮಗಳ ಬಾಣಂತನಕ್ಕೆ ರಜೆ ಹಾಕಿದ್ದರು. ನಾನೊಬ್ಬನೇ ಹೋಗಿ ಕೂರಿಸಿ ಬಂದೆ. ಡೈರಿಯ ಸೆಕ್ರೆಟರಿ ಪುಟ್ಟತಾಯಮ್ಮ ಎಂಬುವರು, ಐವತ್ತರ ಹತ್ತಿರದ ಒಕ್ಕಲಗಿತ್ತಿ, ಕಂಪ್ಯೂಟರಿಗೆ ಅರಿಶಿನ ಕುಂಕುಮ ಇಟ್ಟು, ನನಗೆ ಒಂದು ಲೋಟ ಹಾಲು ಕೊಟ್ಟು ಕಳಿಸಿದರು.

ಒಂದು ತಿಂಗಳಾಗುತ್ತ ಬಂದಾಗ ಆ ಹಳ್ಳಿಯಿಂದ ಫೋನ್ ಬಂತು. ಆ ಊರಿನ ಕ್ಯಾನುಗಳನ್ನು ಶೀತಲ ಕೇಂದ್ರದಲ್ಲಿ ಅಳೆದಾಗ ದಿನಾ ಲೆಕ್ಕಕ್ಕಿಂತ ಹಾಲು ಕಡಿಮೆ ಬರುತ್ತಿದೆ, ಮೊದಲ ಎರಡು ವಾರ ನೂರಕ್ಕೆ ಮೂರು ಲೀಟರ್, ಆಮೇಲೆ ಒಂದೋ ಎರಡೋ. ಸುತ್ತಲ ಯಾವ ಊರಿಗೂ ಇಲ್ಲದ ಕೊರತೆ ಇದೊಂದೇ ಊರಿಗೆ. ಸೆಕ್ರೆಟರಮ್ಮ ಹಾಲು ಕದ್ದು ಮಾರುತ್ತಿದ್ದಾಳೆ ಎಂದು ಊರಲ್ಲಿ ಮಾತಾಗಿದೆ. ನಾಳಿದ್ದು ಭಾನುವಾರ ಸಭೆ ಸೇರಿ ಅವಳನ್ನು ತೆಗೆಯುತ್ತಾರಂತೆ.

ನೂರಕ್ಕೆ ಮೂರು ಎಂದು ಕೇಳಿದ ಕೂಡಲೇ ಮೇಡಂ ಕನ್ನಡಕ ಹಣೆಗೇರಿಸಿದರು. "ಹೊಸ ತಕ್ಕಡಿ ಏನು ಕೊಡ್ತದೆ? ಲೀಟ್ರಾ, ಕಿಲೋನಾ?"

ನಾನು ತಕ್ಕಡಿಯ ಪುಸ್ತಕ ತೆಗೆದೆ. ಅಳತೆಯ ಪುಟ ಹುಡುಕಿ ಓದಿದೆ. ಹಳೆಯ ತಕ್ಕಡಿ ತೂಕವನ್ನು ತಾನೇ ಲೀಟರಿಗೆ ತಿರುಗಿಸಿ ಕೊಡುತ್ತಿತ್ತು. ಹೊಸದು ಬರೀ ಕಿಲೋ ಕೊಡುತ್ತಿತ್ತು. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ, ನೂರಕ್ಕೆ ಮೂರರಷ್ಟು ಹೆಚ್ಚು. ತಕ್ಕಡಿ ನೂರಾಮೂರು ಕಿಲೋ ಎಂದದ್ದನ್ನು ನನ್ನ ಫಂಕ್ಷನ್ ನೂರಾಮೂರು ಲೀಟರ್ ಎಂದು ಬರೆದುಕೊಂಡಿತ್ತು. ಅದು ಕೇಳಿದ್ದು ಒಂದು ಸಂಖ್ಯೆ, ಸಿಕ್ಕಿದ್ದೂ ಒಂದು ಸಂಖ್ಯೆ. ಇಲ್ಲದ ಮೂರು ಲೀಟರ್ ಹಳ್ಳಿಯ ಲೆಕ್ಕದಲ್ಲಿ ಹುಟ್ಟಿ, ಶೀತಲ ಕೇಂದ್ರದಲ್ಲಿ ಮಾಯವಾಗುತ್ತಿತ್ತು.

ಮೇಡಂ ಬೈಯಲಿಲ್ಲ. ಯಜಮಾನರ ಮೇಜಿನ ಮುಂದೆ ಹೋಗಿ ನಿಂತು ಎಲ್ಲ ಹೇಳಿದರು. ಯಜಮಾನರು ಕೇಳಿ, ಬಾಗಿಲು ಹಾಕಲು ನನಗೆ ಹೇಳಿದರು.

"ನೀವು ಹೋಗಿ ತಕ್ಕಡಿ ಕೆಟ್ಟೈತೆ ಅಂತ ಹೇಳಿ ಬೇರೆ ಇಟ್ಬುಟ್ಟು ಬನ್ನಿ. ಪ್ರೋಗ್ರಾಂ ತಪ್ಪು ಅಂತ ಮಾತ್ರ ಅನ್ಬ್ಯಾಡಿ. ಉಳಿದ ಊರಿನ ಆರ್ಡರೆಲ್ಲ ಕೈ ಬುಟ್ಟು ಹೋಯ್ತದೆ."

"ತಕ್ಕಡಿ ಇವತ್ತು ಕೆಟ್ಟಿದೆ ಅಂದ್ರೆ ಅವ್ರು ಒಪ್ಪಿಕೊಳ್ತಾರೆ ಸಾರ್. ಒಂದು ತಿಂಗಳ ಕಳ್ತನ ಆಯಮ್ಮನ ತಲೆ ಮೇಲೆ ಹಂಗೇ ಉಳೀತದೆ."

"ಅದು ಅವರೂರಿನ ರಾಜಕೀಯ ಮೇಡಂ. ನಮಗ್ಯಾಕೆ?"

"ಅದರೊಳಗೆ ಅಂಕಿ ನಮ್ಮದು," ಎಂದರು ಮೇಡಂ.

ಭಾನುವಾರ ಅವರು ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿದ್ದರು. ಬಾ ಎಂದು ಕರೆದಿರಲಿಲ್ಲ. ಕೋಡಿಹಳ್ಳಿಯ ಬಸ್ಸು ಎಷ್ಟು ಹೊತ್ತಿಗೆ ಎಂದಷ್ಟೇ ಹೇಳಿದ್ದರು. ದಾರಿಯುದ್ದಕ್ಕೂ ಮೊಮ್ಮಗುವಿನ ವಿಷಯ ಮಾತಾಡಿದರು. ನನಗೆ ಒಂದೂ ಕಿವಿಗೆ ಬೀಳಲಿಲ್ಲ.

ಡೈರಿಯ ಮುಂದೆ ಹೆಂಗಸರೂ ಗಂಡಸರೂ ಸೇರಿ ಅರವತ್ತು ಎಪ್ಪತ್ತು ಜನ ಇದ್ದರು. ಪುಟ್ಟತಾಯಮ್ಮ ಗೋಡೆಗೆ ಒರಗಿ ಕೆಳಗೆ ಕೂತಿದ್ದರು. ಅವರ ಸುತ್ತ ಜಾಗ ಖಾಲಿಯಿತ್ತು. ಮೇಡಂ ನೇರವಾಗಿ ಹೋಗಿ ಆ ಖಾಲಿ ಜಾಗದಲ್ಲಿ ಕೂತು, ಅವರ ಕಿವಿಯಲ್ಲಿ ಏನೋ ಕೇಳಿದರು. ಪುಟ್ಟತಾಯಮ್ಮ ಎದ್ದು ಒಳಗೆ ಹೋಗಿ, ಹಳೆಯ ಒಂದು ಲೀಟರಿನ ಅಳತೆಯ ಪಾತ್ರೆಯನ್ನು ತಂದರು.

ಮೇಡಂ ಆ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು, ಸೊನ್ನೆ ತೋರಿಸುವಂತೆ ಮಾಡಿ, ಅದರ ಕಂಠದವರೆಗೆ ಹಾಲು ಹುಯ್ಯಲು ಮುಂದೆ ನಿಂತಿದ್ದ ಹೆಂಗಸಿಗೇ ಹೇಳಿದರು. "ಎಷ್ಟು ಹುಯ್ದೆ ಅವ್ವ?"

"ಒಂದು ಲೀಟ್ರು."

"ತಕ್ಕಡಿ ಏನು ತೋರಿಸ್ತೈತೆ, ಗಟ್ಟಿಯಾಗಿ ಓದು."

"ಒಂದು ಪಾಯಿಂಟು ಸೊನ್ನೆ ಮೂರು."

"ಅದು ಕಿಲೋ. ನಮ್ಮ ಕಂಪ್ಯೂಟ್ರು ಅದನ್ನ ಲೀಟ್ರು ಅಂತ ಬರಕೊಂಡೈತೆ. ನೀವು ನೂರು ಲೀಟ್ರು ಹುಯ್ದಾಗ ಅದು ನೂರಾಮೂರು ಅಂದೈತೆ. ಆ ಮೂರು ಲೀಟ್ರು ಯಾವ ಹಸನೂ ಕರೆದಿಲ್ಲ, ಯಾರೂ ಕದ್ದೂ ಇಲ್ಲ."

ಜನ ಗುಜುಗುಜು ಎಂದರು. ಹಿಂದಿನಿಂದ ಒಬ್ಬ ಅಜ್ಜ, "ಈ ತಿಂಗಳು ನಮ್ಮ ಹಸ ಒಸಿ ಜಾಸ್ತಿ ಕೊಡ್ತಾ ಐತೆ ಅಂದ್ಕೊಂಡಿದ್ವಲ್ಲ, ಹಂಗಾದ್ರೆ ಅದು ಸುಳ್ಳಾ?" ಎಂದ.

"ಹಸ ಸುಳ್ಳು ಹೇಳಿಲ್ಲ ಯಜಮಾನ್ರೆ. ನಾವು ಹೇಳಿದ್ದು."

ಕೆಲವರು ನಕ್ಕರು. ಆಗ ಪುಟ್ಟತಾಯಮ್ಮನ ಸೊಸೆ ಮುಂದೆ ಬಂದಳು. ಅವಳಿಗೆ ಅಳು ಬಂದುಬಿಟ್ಟಿತ್ತು. "ನಮ್ಮತ್ತೆ ಹದಿನೈದು ದಿನದಿಂದ ನಮ್ಮನೆ ಎರಡು ಹಸದ ಹಾಲ್ನೂ ಬರೀದೆ ಕ್ಯಾನಿಗೆ ಹುಯ್ತಾ ಅವ್ರೆ. ನಂದೇ ಏನೋ ತಪ್ಪಾಗ್ತಾ ಐತೆ, ಸರಿ ಹೋಗ್ಲಿ ಅಂತ. ಮೊಮ್ಮಕ್ಕಳಿಗೂ ಹಾಲಿಲ್ಲ ಮನೇಲಿ."

ಅದಾದ ಮೇಲೆ ಯಾರೂ ನಗಲಿಲ್ಲ. ಪುಟ್ಟತಾಯಮ್ಮ ಸೊಸೆಯನ್ನು "ಸುಮ್ಕಿರು" ಎಂದು ಗದರಿದರು. ಒಬ್ಬ ಮುಖಂಡ ಮೇಡಂ ಕಡೆ ನೋಡಿ, "ಸರಿ, ಇದು ಯಾರ ತಪ್ಪು?" ಎಂದ.

"ನಂದು," ಎಂದರು ಮೇಡಂ. "ಪ್ರೋಗ್ರಾಂ ನೋಡಿ ಕಳಿಸ್ಬೇಕಾದೋಳು ನಾನು. ನೋಡಲಿಲ್ಲ. ತಪ್ಪಾಯ್ತು."

ನಾನು ಅವರ ಹಿಂದೆ, ವೈರುಗಳ ಚೀಲ ಹಿಡಿದು ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಗುಂಪು ಕರಗತೊಡಗಿತು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಪುಟ್ಟತಾಯಮ್ಮನ ಪಕ್ಕದಲ್ಲಿ ಕೂತರು. ಯಾರೂ ಕ್ಷಮೆ ಕೇಳಲಿಲ್ಲ. ಒಬ್ಬಳು ಎಲೆಯಡಿಕೆ ಕೊಟ್ಟಳು.

ಹಿಂದಿರುಗುವ ಬಸ್ಸಿನಲ್ಲಿ ನಾನು ಕೇಳಿದೆ, "ನಿಮ್ಮದು ಅಂತ ಯಾಕೆ ಹೇಳಿದ್ರಿ ಮೇಡಂ?"

"ನಿಂದು ಅಂದಿದ್ರೆ ಅವ್ರೆಲ್ಲ ನಿನ್ನ ನೋಡೋರು. ವಯಸ್ಸಿನ ಹುಡುಗ, ನಾಲ್ಕು ಏಟು ಬಿದ್ರೂ ಬೀಳೋದು. ನಾನು ಹೆಂಗಸು, ನಂದು ಅಂದ್ರೆ ತಕ್ಕಡಿ ನೋಡ್ತಾರೆ. ಇವತ್ತು ಅವ್ರು ನೋಡ್ಬೇಕಾಗಿದ್ದು ತಕ್ಕಡಿ." ಅಷ್ಟು ಹೇಳಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು.

ಯಜಮಾನರು ಒಂದು ವಾರ ಅವರ ಜೊತೆ ಮಾತು ಬಿಟ್ಟರು. ಅರ್ಧ ಆರ್ಡರು ಬೇರೆಯವರ ಪಾಲಾಯಿತು. ಆದರೆ ಉಳಿದರ್ಧಕ್ಕೆ ಪ್ರೋಗ್ರಾಂ ತಿದ್ದಲೇಬೇಕಿತ್ತು, ತಿದ್ದಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಮೇಡಂ ಮೊದಲು ಕೇಳಿದ್ದ ಹದಿನೈದು ದಿನ ಹಾಗೆ ಸಿಕ್ಕಿತು.

ಕಿಲೋ, ಲೀಟರ್, ಡಿಗ್ರಿ, ನಿಮಿಷ, ಸೆಕೆಂಡು, ಎಲ್ಲಕ್ಕೂ ಅವರು ಒಂದೊಂದು ಬೇರೆ ಜಾತಿ ಕಟ್ಟಿದರು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅದಕ್ಕೆಂದೇ ಬರೆದ ಫಂಕ್ಷನ್ನಿನ ಮೂಲಕವೇ ಹೋಗಬೇಕು, ಅಡ್ಡದಾರಿ ಇಲ್ಲ. ಒಂದೊಂದು ಫಂಕ್ಷನ್ನಿನ ಮೊದಲ ಸಾಲನ್ನೂ ಹೊಸದಾಗಿ ಬರೆದು ಮುಗಿಸಿ, ಪ್ರೋಗ್ರಾಂ ತಯಾರಿಸಲು ಹೋದರೆ ಪರದೆ ತುಂಬ ತಪ್ಪುಗಳು. ಕೆಳಗೆ ಸರಿಸಿದಷ್ಟೂ ಇದ್ದವು. ಹೆಚ್ಚಿನವು ನನ್ನವೇ. ನನಗೆ ಎದ್ದು ಓಡಬೇಕೆನಿಸಿತು. ಮೇಡಂ ಅಂಗೈ ಉಜ್ಜಿಕೊಂಡು, ಹಬ್ಬದೂಟಕ್ಕೆ ಕೂತವರ ಹಾಗೆ ಕುರ್ಚಿ ಎಳೆದುಕೊಂಡರು. "ನೋಡು, ಎಷ್ಟು ಜನ ಬಾಗಿಲಲ್ಲೇ ಸಿಕ್ಕಿಬಿದ್ರು. ಒಳಗೆ ಬಂದಿದ್ರೆ ಹುಡುಕೋಕಾಗ್ತಿತ್ತಾ?"

ಒಂದೊಂದನ್ನೂ ನನ್ನ ಕೈಯಿಂದಲೇ ಸರಿ ಮಾಡಿಸಿದರು. ಹಾಲು ತಣ್ಣಗಿಡುವ ಟ್ಯಾಂಕಿಗೆ ಇದೇ ಪ್ರೋಗ್ರಾಂ ಕೊಡುತ್ತಿದ್ದ ಅಲಾರಂ ಸುಮ್ಮಸುಮ್ಮನೆ ಕೂಗುತ್ತದೆಂದು ಜನ ವರ್ಷದಿಂದ ದೂರುತ್ತಿದ್ದರು. ಕೆಲವರು ಬೇಸತ್ತು ಅದರ ವೈರನ್ನೇ ಕಿತ್ತಿದ್ದರು. ಹಾಲು ತಣ್ಣಗಾಗಲು ಇಪ್ಪತ್ತು ನಿಮಿಷ ಕಾಯಬೇಕಾದ ಅಲಾರಂ ಇಪ್ಪತ್ತೇ ಸೆಕೆಂಡು ಕಾಯುತ್ತಿದೆ ಎಂದು ತಪ್ಪುಗಳ ಆ ಪಟ್ಟಿಯಲ್ಲಿ ಸಿಕ್ಕಿತು. ಅದನ್ನು ಬರೆದವರು ಮೇಡಂ, ನಾನು ಸೇರುವುದಕ್ಕೂ ಮುಂಚೆ. ಅವರು ಎರಡು ನಿಮಿಷ ಪರದೆಯನ್ನೇ ನೋಡಿ, "ಇದನ್ನೂ ನೀನೇ ಸರಿ ಮಾಡು," ಎಂದು ಟೀ ಕುಡಿಯಲು ಎದ್ದು ಹೋದರು. ಅವತ್ತು ಮುದಿನಾಯಿಯನ್ನು ತಾವೊಬ್ಬರೇ ದಾಟಿದ್ದನ್ನು ಅವರು ಗಮನಿಸಲಿಲ್ಲ.

ಮೂರು ವರ್ಷದ ಮೇಲೆ ನಾನು ಬಿಡದಿಯ ಕಾರ್ಖಾನೆಯೊಂದಕ್ಕೆ ಸೇರಿದೆ. ಅವರು ಇನ್ನೂ ಕೆಲವು ವರ್ಷ ಅಲ್ಲೇ ಇದ್ದು, ಶೆಡ್ಡು ಮುಚ್ಚಿದ ಮೇಲೆ ಕನಕಪುರದಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಆಮೇಲೆ ಅದೂ ನಿಂತಿತು.

ಸಾವಿನ ಸುದ್ದಿ ಕೇಳಿ ಅವರ ಮನೆಗೆ ಹೋಗಿ ಬಂದೆ. ಅವರ ಗಂಡ ಫೋಟೋ ತೋರಿಸಿದರು, ಕಾಫಿ ಕೊಟ್ಟರು. ಹೊರಗೆ ಬಂದವನಿಗೆ ವಾಪಸ್ಸು ಹೋಗಲು ಮನಸ್ಸಾಗಲಿಲ್ಲ. ಕೋಡಿಹಳ್ಳಿಯ ಕಡೆ ಬೈಕ್ ತಿರುಗಿಸಿದೆ.

ಪುಟ್ಟತಾಯಮ್ಮ ಈಗ ಸೆಕ್ರೆಟರಿ ಅಲ್ಲ. ಕಣ್ಣು ಸ್ವಲ್ಪ ಮಂಜು. ನಾನು ಯಾರೆಂದು ಹೇಳಿದ ಮೇಲೆ ಗುರುತು ಹಿಡಿದು, ಜಗಲಿಯ ಮೇಲೆ ಚಾಪೆ ಹಾಸಿದರು. ಮೇಡಂ ತಿಥಿಗೆ ಅವರು ಹೋಗಿದ್ದರಂತೆ. ನನಗೆ ಆಶ್ಚರ್ಯವಾಯಿತು.

"ಹೋಗ್ದೆ ಇರ್ತೀನಾ? ಆ ಸಭೆ ಆದ ಮ್ಯಾಲೆ ವರ್ಸಾವರ್ಸಾ ಸಂಕ್ರಾಂತಿಗೆ ಎಳ್ಳು ತಕ್ಕೊಂಡು ಬರೋರು. ಒಂದಿನ ಇದ್ದು ಹೋಗೋರು. ಬಂದಾಗೆಲ್ಲ ನಾನು ಬಾಗಲಲ್ಲೇ ರೇಗಿಸ್ತಿದ್ದೆ, 'ಬಾರವ್ವ, ನನ್ನ ಕಳ್ಳಿ ಮಾಡ್ದೋಳು ನೀನೇ ಅಲ್ವಾ' ಅಂತ. ನಗೋರು. ಒಂದು ಸಲವಾನೂ ನಾನಲ್ಲ ಅನ್ನಲಿಲ್ಲ."

ಅಷ್ಟು ವರ್ಷ ಅವರು ಅಲ್ಲಿಗೆ ಹೋಗಿ ಬರುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

"ಅವರಲ್ಲ ಅಮ್ಮ," ಎಂದೆ. "ಆ ಪ್ರೋಗ್ರಾಂ ಬರೆದಿದ್ದು ನಾನು. ಅವರು ಆ ವಾರ ರಜೆಯಲ್ಲಿದ್ದರು. ಅದಕ್ಕೂ ಮುಂಚೆ ಸರಿ ಮಾಡೋಣ ಅಂತ ಅವರು ಹೇಳಿದಾಗ ಬೇಡ ಅಂದವನೂ ನಾನೇ."

ಪುಟ್ಟತಾಯಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

"ಹಂಗಾದ್ರೆ ಅಷ್ಟು ವರ್ಸ ನಾನು ರೇಗಿಸಿದ್ದು ನಿನ್ನ."

"ಹೌದು."

"ಅವ್ರು ಇದ್ದಾಗ ಬಂದು ಹೇಳಕಾಗಲಿಲ್ವಾ ನಿಂಗೆ? ಈಗ ಹೇಳಿದ್ರೆ ನಾನು ಯಾರ ಹತ್ರ ಹೋಗಿ ಏನಂತ ಹೇಳ್ಲಿ?"

"ಬೈಬಿಡಿ ಅಮ್ಮ."

"ಬೈತೀನಿ. ಬೈದೆ ಬುಡ್ತೀನಾ?"

ಬೈದರು. ಹೆಂಗಸಿನ ಹಿಂದೆ ಚೀಲ ಹಿಡಿದು ನಿಂತದ್ದಕ್ಕೆ ಬೈದರು, ಅವರು ಕೊಟ್ಟ ಹಾಲು ಕುಡಿದು ಹೋಗಿ ಅವರಿಗೇ ಹೀಗೆ ಮಾಡಿದ್ದಕ್ಕೆ ಬೈದರು, ಮೇಡಂ ಬದುಕಿದ್ದಾಗ ಬಂದು ಒಂದು ಮಾತು ಹೇಳದೆ ಹೋದದ್ದಕ್ಕೆ ಬೈದರು. ದನಿ ಕೇಳಿ ಸೊಸೆ ಬಾಗಿಲಿಗೆ ಬಂದು ನಿಂತಳು. ನಾನು ತಲೆ ಎತ್ತಲಿಲ್ಲ. ಅವರ ಬೈಗುಳ ಅಳುವಾಯಿತು. ಅಳು ನಿಂತ ಮೇಲೆ ಮೂಗೊರೆಸಿಕೊಂಡು, ಬಾಗಿಲಲ್ಲಿದ್ದ ಸೊಸೆಗೆ ಹೇಳಿದರು: "ಎಸರಿಗೆ ಇನ್ನೊಂದು ಮುದ್ದೆ ಹಿಟ್ಟು ಹಾಕವ್ವ. ಉಂಡ್ಕೊಂಡು ಹೋಗ್ಲಿ."

ಉಂಡು ಬಂದೆ.